ಕ್ವಿಲ್ ಸ್ಟೆಮ್ಮಾ, ಥ್ರೆಡ್‌ಲೆಸ್ಸಾ? ಎರಡನ್ನೂ ಬೆಂಗಳೂರಲ್ಲಿ ಓಡಿಸಿದ ಮೇಲೆ

ಸೈಕಲ್ಲಿನ ಮುಂದಿನ ಚಕ್ರ ಹಿಡಿಯುವ ಕವಲು ಫೋರ್ಕ್, ಅದು ಫ್ರೇಮಿನೊಳಗೆ ತಿರುಗಲು ಇರುವ ಬೇರಿಂಗ್ ಸೆಟ್ಟು ಹೆಡ್‌ಸೆಟ್, ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ತುಂಡು ಸ್ಟೆಮ್. ಹೆಡ್‌ಸೆಟ್‌ನಲ್ಲಿ ಎರಡು ಬಗೆ: ಕ್ವಿಲ್ ಸ್ಟೆಮ್ ಹಾಕುವ ಹಳೆಯ ಥ್ರೆಡ್ಡೆಡ್, ಮತ್ತೆ ಈಗಿನ ಥ್ರೆಡ್‌ಲೆಸ್. ಹೊಸ ಸೈಕಲ್ ತಗೊಳ್ಳುವವರು ಥ್ರೆಡ್‌ಲೆಸ್ ಹೆಡ್‌ಸೆಟ್ ಇರುವುದನ್ನೇ ತಗೊಳ್ಳಿ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಮನೆಯಲ್ಲಿ ಒಂದು ಒಳ್ಳೆಯ ಹಳೆಯ ಸ್ಟೀಲ್ ಸೈಕಲ್ ಇದ್ದು, ಅದರ ಹ್ಯಾಂಡಲ್ ಕಟಕಟ ಅನ್ನುತ್ತಿದೆ ಅಂತ ಯಾರಾದರೂ "ಇದು ಹಳೇ ಸಿಸ್ಟಮ್, ಫೋರ್ಕ್ ಸಮೇತ ಬದಲಾಯಿಸಿ" ಅಂದರೆ ದಯವಿಟ್ಟು ಒಪ್ಪಬೇಡಿ. ಹೆಚ್ಚಿನ ಸಲ ಆ ಸೈಕಲ್ಲಿಗೆ ಬೇಕಿರುವುದು ಗ್ರೀಸು, ಬೇರಿಂಗಿನ ಹೊಸ ಬಾಲ್ಸು, ಮತ್ತೆ ಸರಿಯಾದ ಸ್ಪ್ಯಾನರ್ ಇರುವ ಒಬ್ಬ ಮೆಕ್ಯಾನಿಕ್.

ನನ್ನ ಹತ್ತಿರ ಎರಡೂ ಇವೆ. ಹಳೆಯ ಸ್ಟೀಲ್ ಫ್ರೇಮಿನದು ಥ್ರೆಡ್ಡೆಡ್, ಅದು ಗಾಂಧಿ ಬಜಾರಿಗೆ, ತರಕಾರಿಗೆ, ಮನೆಯ ಸುತ್ತಮುತ್ತಲ ಕೆಲಸಕ್ಕೆ. ಇನ್ನೊಂದು ಹೈಬ್ರಿಡ್, ಥ್ರೆಡ್‌ಲೆಸ್. ಆಫೀಸಿಗೆ ಹೋಗುವುದು ಅದರಲ್ಲೇ, ಭಾನುವಾರ ನಂದಿ ಬೆಟ್ಟಕ್ಕೂ ಅದೇ.

ಥ್ರೆಡ್ಡೆಡ್‌ನಲ್ಲಿ ಫೋರ್ಕಿನ ಕೊಳವೆಯ ಮೇಲ್ತುದಿಗೆ ಹೊರಗಡೆ ಥ್ರೆಡ್ ಇರುತ್ತದೆ. ಮೇಲಿನ ಕಪ್ ಅದರ ಮೇಲೆ ತಿರುಗಿ ಕೂರುತ್ತದೆ, ಅದರ ಮೇಲೊಂದು ವಾಷರ್, ಅದರ ಮೇಲೆ ಲಾಕ್‌ನಟ್. ಇದನ್ನು ಸರಿಯಾಗಿ ಬಿಗಿ ಮಾಡಲು ಒಟ್ಟಿಗೆ ಎರಡು ಸ್ಪ್ಯಾನರ್ ಬೇಕು, ಕಪ್ ಅಲುಗದಂತೆ ಒಂದರಲ್ಲಿ ಹಿಡಿದು ಇನ್ನೊಂದರಲ್ಲಿ ನಟ್ ಬಿಗಿಯಬೇಕು. 1 ಇಂಚಿನ ಹೆಡ್‌ಸೆಟ್‌ಗೆ ಸಾಮಾನ್ಯವಾಗಿ 32 ಮಿ.ಮೀ. ಅಳತೆಯ, ತೆಳುವಾದ ಸ್ಪ್ಯಾನರ್. ಕಷ್ಟ ಇರೋದೇ ಇಲ್ಲಿ. ಆ ಸ್ಪ್ಯಾನರ್ ಇಲ್ಲದ ಕಡೆ ಪೈಪ್ ರೆಂಚ್ ಹಾಕಿ ಎಳೆಯುತ್ತಾರೆ, ನಟ್ಟಿನ ಮೂಲೆಗಳು ಸವೆದು ಹೋಗುತ್ತವೆ, ಕಪ್ಪೂ ಜೊತೆಗೆ ತಿರುಗಿ ಬೇರಿಂಗ್ ಹಿಡಿದುಕೊಳ್ಳುತ್ತದೆ. ನಮ್ಮ ಏರಿಯಾದ ಒಂದು ಅಂಗಡಿಯಲ್ಲಿ ನನ್ನ ಸೈಕಲ್ಲಿಗೂ ಹೀಗೇ ಮಾಡಿ ಕೊಟ್ಟಿದ್ದರು. ಹ್ಯಾಂಡಲ್ ತಿರುಗಿಸಲು ಭಾರವಾಗಿತ್ತು, ನೇರ ಹೋಗುವುದೇ ಕಷ್ಟ. ಬೇರೆ ಕಡೆ ಸರಿಯಾದ ಸ್ಪ್ಯಾನರ್ ಹಾಕಿ ಲೂಸ್ ಮಾಡಿ ಮತ್ತೆ ಕೂರಿಸಿದ ಮೇಲೆ ಅದೇ ಹೆಡ್‌ಸೆಟ್ ಬೆಣ್ಣೆಯ ಹಾಗೆ ತಿರುಗಿತು.

ಥ್ರೆಡ್ಡೆಡ್‌ನ ದೊಡ್ಡ ಸುಖ ಎತ್ತರದ್ದು. ಕ್ವಿಲ್ ಸ್ಟೆಮ್ ಫೋರ್ಕಿನ ಕೊಳವೆಯೊಳಗೆ ಇಳಿದಿರುತ್ತದೆ, ಅದನ್ನು ಒಳಗಿಂದ ಹಿಡಿದಿರುವುದು ತುದಿಯ ಒಂದು ವೆಡ್ಜ್, ಅಂದರೆ ಬೆಣೆ. ಮೇಲಿನ ಉದ್ದ ಬೋಲ್ಟನ್ನು ಕೆಲವು ಸುತ್ತು ಸಡಿಲಿಸಿ, ಅದರ ತಲೆಗೆ ಮರದ ಸುತ್ತಿಗೆಯಲ್ಲಿ ಒಂದೇಟು ಕೊಟ್ಟರೆ ವೆಡ್ಜ್ ಬಿಡುತ್ತದೆ, ಹ್ಯಾಂಡಲ್ ಮೇಲೆ ಕೆಳಗೆ ಎಷ್ಟು ಬೇಕೋ ಅಷ್ಟು, ಬೇರಿಂಗ್ ಸೆಟ್ಟಿಂಗಿಗೆ ಏನೂ ಆಗುವುದಿಲ್ಲ. ಒಂದೇ ಸೈಕಲ್ಲನ್ನು ಅಪ್ಪ, ಮಗಳು ಇಬ್ಬರೂ ಓಡಿಸುವ ಮನೆಗೆ, ಅಥವಾ ಬೆನ್ನು ನೋವಿಗೆ ನೆಟ್ಟಗೆ ಕೂರಬೇಕಾದವರಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಸ್ಟೆಮ್ಮಿನ ಮೇಲೆ ಕನಿಷ್ಠ ಇಷ್ಟು ಒಳಗಿರಬೇಕು ಅನ್ನುವ ಗೆರೆ ಇರುತ್ತದೆ. ಆ ಗೆರೆ ಹೊರಗೆ ಕಾಣುವಷ್ಟು ಯಾವತ್ತೂ ಎತ್ತಬೇಡಿ. ಮತ್ತೆ ವರ್ಷಕ್ಕೊಮ್ಮೆ ಹೊರಗೆ ತೆಗೆದು ಗ್ರೀಸ್ ಹಚ್ಚಿ. ಮಳೆ ನೀರು, ಬೆವರು ಇಳಿದು ಇಳಿದು ಅಲ್ಯೂಮಿನಿಯಂ ಸ್ಟೆಮ್ ಸ್ಟೀಲ್ ಕೊಳವೆಗೆ ಕಚ್ಚಿಕೊಂಡರೆ ಬಿಡಿಸುವುದು ದೊಡ್ಡ ಕೆಲಸ.

ಇನ್ನು ಥ್ರೆಡ್‌ಲೆಸ್. 1990ರ ದಶಕದ ಆರಂಭದಲ್ಲಿ ಡಯಾ-ಕಾಂಪೆ ಕಂಪನಿಯ ಅಹೆಡ್‌ಸೆಟ್ ಮೂಲಕ ಮೌಂಟನ್ ಬೈಕುಗಳಲ್ಲಿ ಹಬ್ಬಿದ್ದು ಇದು. ತಯಾರಕರಿಗೂ ಲಾಭವೇ ಇತ್ತು: ಮೊದಲು ಫ್ರೇಮಿನ ಒಂದೊಂದು ಸೈಜಿಗೂ ಬೇರೆ ಉದ್ದದ ಥ್ರೆಡ್ ಹಾಕಿದ ಫೋರ್ಕ್ ಬೇಕಿತ್ತು, ಈಗ ಒಂದೇ ಉದ್ದದ್ದು ಮಾಡಿ ಬೇಕಾದಷ್ಟಕ್ಕೆ ಕತ್ತರಿಸಿದರೆ ಸಾಕು. ಇಲ್ಲಿ ಸ್ಟೆಮ್ಮು ಫೋರ್ಕಿನ ಕೊಳವೆಯನ್ನು ಹೊರಗಿಂದ ಹಿಡಿಯುತ್ತದೆ. ನನಗೆ ಇಷ್ಟವಾದ ವಿಷಯ ಅಂದರೆ ಎಲ್ಲ ಕೆಲಸ ಜೇಬಿನಲ್ಲಿರುವ ಅಲೆನ್ ಕೀಯಲ್ಲೇ (ಆರು ಮೂಲೆಯ ಎಲ್ ಆಕಾರದ ಕೀ) ಮುಗಿಯುತ್ತದೆ. ಗುಂಡಿಗಳಿಗೆ ಬಿದ್ದು ಬಿದ್ದು ಲೂಸ್ ಆದರೆ ರಸ್ತೆ ಬದಿಯಲ್ಲೇ ನಿಲ್ಲಿಸಿ ಸರಿ ಮಾಡಿಕೊಳ್ಳಬಹುದು, ನಂದಿ ಬೆಟ್ಟದ ಇಳಿಜಾರಿಗೆ ಮುಂಚೆ ಇದು ಸಣ್ಣ ವಿಷಯವಲ್ಲ ಅಲ್ವಾ? ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಆಡಿಸಿ, ಹೆಡ್‌ಸೆಟ್ ಹತ್ತಿರ ಬೆರಳಿಟ್ಟರೆ ಲೂಸ್ ಇದ್ದದ್ದು ಗೊತ್ತಾಗುತ್ತದೆ.

ಒಂದು ಮಾತು ಮಾತ್ರ ನೆನಪಿರಲಿ, ಏಕೆಂದರೆ ತುಂಬಾ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಮೇಲಿನ ಕ್ಯಾಪಿನ ಬೋಲ್ಟ್ ಹ್ಯಾಂಡಲನ್ನು ಹಿಡಿಯುವುದಿಲ್ಲ, ಅದು ಬೇರಿಂಗಿನ ಸಡಿಲ ತೆಗೆಯುವುದಕ್ಕೆ ಅಷ್ಟೇ. ಮೊದಲು ಸ್ಟೆಮ್ಮಿನ ಪಕ್ಕದ ಬೋಲ್ಟುಗಳನ್ನು ಸಡಿಲಿಸಿ, ಆಮೇಲೆ ಕ್ಯಾಪ್ ಬೋಲ್ಟ್ ಸ್ವಲ್ಪ ಸ್ವಲ್ಪ ತಿರುಗಿಸಿ, ಸಡಿಲ ಹೋದ ತಕ್ಷಣ ನಿಲ್ಲಿಸಿ, ಹ್ಯಾಂಡಲ್ ಚಕ್ರಕ್ಕೆ ನೇರ ಮಾಡಿ, ಕೊನೆಗೆ ಪಕ್ಕದ ಬೋಲ್ಟುಗಳನ್ನು ಒಂದಾದ ಮೇಲೊಂದು ಬಿಗಿ ಮಾಡಿ. ಸಾಮಾನ್ಯವಾಗಿ 5ರಿಂದ 6 ನ್ಯೂಟನ್ ಮೀಟರ್. ಸ್ಟೆಮ್ಮಿನ ಮೇಲೆ ಬೇರೆ ಬರೆದಿದ್ದರೆ ಅದೇ ಲೆಕ್ಕ.

ಎತ್ತರದ ವಿಷಯದಲ್ಲಿ ಇದು ಸೋಲುತ್ತದೆ. ಕೊಳವೆಗೆ ಹಾಕುವ ಬಳೆಯಂಥ ಸ್ಪೇಸರ್‌ಗಳನ್ನು ಸ್ಟೆಮ್ಮಿನ ಕೆಳಗಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ ಬದಲಿಸಬಹುದು, ಸ್ಟೆಮ್ ತಲೆಕೆಳಗೆ ಮಾಡಿ ಹಾಕಬಹುದು, ಅಷ್ಟೇ. ಕೊಳವೆ ಒಮ್ಮೆ ಕತ್ತರಿಸಿದರೆ ಮುಗೀತು. ಹೊಸ ಸೈಕಲ್ ಫಿಟ್ಟಿಂಗ್ ಮಾಡಿಸುವಾಗ ಅಂಗಡಿಯವರಿಗೆ ಈಗಲೇ ಕತ್ತರಿಸಬೇಡಿ ಅಂತ ಹೇಳಿ, ಕೆಲವು ತಿಂಗಳು ಓಡಿಸಿ ಆಮೇಲೆ ನಿರ್ಧಾರ ಮಾಡಿ.

ಥ್ರೆಡ್‌ಲೆಸ್ ನುಣುಪಾಗಿ ತಿರುಗುತ್ತದೆ ಅನ್ನುವ ಹೊಗಳಿಕೆ ಎಲ್ಲ ಕಡೆ ಕೇಳುತ್ತೇನೆ. ಆ ನುಣುಪು ಸೀಲ್ಡ್ ಕಾರ್ಟ್ರಿಜ್ ಬೇರಿಂಗಿನದು, ಅಂದರೆ ಬಾಲ್ಸೆಲ್ಲ ಒಳಗೇ ಮುಚ್ಚಿರುವ ಇಡೀ ಒಂದು ತುಂಡಿನ ಬೇರಿಂಗ್. ಕಾರ್ಟ್ರಿಜ್ ಇರುವ ಥ್ರೆಡ್ಡೆಡ್ ಹೆಡ್‌ಸೆಟ್ಟೂ ಸಿಗುತ್ತದೆ, ಬಿಡಿ ಬಾಲ್ಸ್ ಇರುವ ಅಗ್ಗದ ಥ್ರೆಡ್‌ಲೆಸ್ಸೂ ಇದೆ. ಲೂಸ್ ಇದ್ದಾಗಲೇ ಹಂಪು, ಗುಂಡಿ ಹಾರಿಸುತ್ತಿದ್ದರೆ ಎರಡರಲ್ಲೂ ಬಾಲ್ಸ್ ಕೂರುವ ಜಾಗದಲ್ಲಿ ಕುಳಿ ಬೀಳುತ್ತದೆ, ಆಗ ಹ್ಯಾಂಡಲ್ ಮಧ್ಯಕ್ಕೆ ಬಂದಾಗ ಟಕ್ ಅಂತ ಕೂತುಬಿಡುತ್ತದೆ. ಮಳೆಗಾಲದಲ್ಲಿ ಮೊದಲು ಹಾಳಾಗುವುದು ಕೆಳಗಿನ ಬೇರಿಂಗ್, ಮುಂದಿನ ಚಕ್ರದ ಕೆಸರೆಲ್ಲ ಅಲ್ಲಿಗೇ. ಮಡ್‌ಗಾರ್ಡ್ ಹಾಕಿಸಿ.

ಹಳೆಯ ಸೈಕಲ್ಲಿಗೆ ಈಗಿನ ಸ್ಟೆಮ್, ಹ್ಯಾಂಡಲ್ ಬೇಕೇ ಬೇಕು ಅನ್ನುವವರಿಗೆ ಅಡಾಪ್ಟರ್ ಇದೆ. ನಾನು ಸ್ಟೀಲ್ ಸೈಕಲ್ಲಿಗೆ ಹಾಕಿಸಿದ್ದೇನೆ, ಖುಷಿಯಾಗಿದ್ದೇನೆ. ಕೆಳಭಾಗ ಕ್ವಿಲ್ ಥರ ಒಳಗೆ ಇಳಿಯುತ್ತದೆ, ಮೇಲಿನ ಭಾಗಕ್ಕೆ ಥ್ರೆಡ್‌ಲೆಸ್ ಸ್ಟೆಮ್ ಹಿಡಿಯುತ್ತದೆ. ನನ್ನ ಹಳೆಯ ಸ್ಟೆಮ್ಮಿನಲ್ಲಿ ಹ್ಯಾಂಡಲ್ ಬಿಚ್ಚಲು ಗ್ರಿಪ್, ಬ್ರೇಕ್ ಲಿವರ್ ಎಲ್ಲ ಕಳಚಿ ಎಳೆಯಬೇಕಿತ್ತು, ಈಗ ಮುಂದಿನ ನಾಲ್ಕು ಬೋಲ್ಟ್ ತೆಗೆದರೆ ಆಯಿತು. ಸ್ವಲ್ಪ ತೂಕ ಜಾಸ್ತಿಯಾಯಿತು, ಪರವಾಗಿಲ್ಲ. ಒಳಗಿನ ಹೆಡ್‌ಸೆಟ್ ಥ್ರೆಡ್ಡೆಡ್ ಆಗಿಯೇ ಉಳಿಯುತ್ತದೆ, ಹಾಗಾಗಿ ಕಟಕಟ ಸದ್ದಿಗೆ ಇದು ಔಷಧಿಯಲ್ಲ. ಕೊಳ್ಳುವ ಮುಂಚೆ ಹಳೆಯ ಸ್ಟೆಮ್ ಹೊರಗೆ ತೆಗೆದು, ಒಳಗಿಳಿಯುವ ಭಾಗವನ್ನು ವರ್ನಿಯರ್‌ನಲ್ಲಿ ಅಳೆಯಿರಿ: 1 ಇಂಚಿನ ಫೋರ್ಕಿಗೆ ಸಾಮಾನ್ಯವಾಗಿ 22.2 ಮಿ.ಮೀ., ದಪ್ಪ ಕೊಳವೆಯ ಹಳೆಯ ಮೌಂಟನ್ ಬೈಕುಗಳಲ್ಲಿ 25.4, ಕೆಲವು ಹಳೆಯ ಬಿಎಂಎಕ್ಸ್ (ಸಣ್ಣ ಚಕ್ರದ ಸ್ಟಂಟ್ ಸೈಕಲ್) ಗಳಲ್ಲಿ 21.1. ಅಡಾಪ್ಟರಿನ ಮೇಲ್ಭಾಗ 28.6 ಇದ್ದರೆ ಈಗ ಅಂಗಡಿಗಳಲ್ಲಿ ಸಿಗುವ ಹೆಚ್ಚಿನ ಸ್ಟೆಮ್‌ಗಳು ಕೂರುತ್ತವೆ.