ವಿಎಂನಿಂದ ಬ್ಯಾಕಪ್ ಡಿಸ್ಕ್ ಬಿಡಿಸುವ ಮೂರು ದಾರಿಗಳು: ಬಳಸಿ ನೋಡಿ ಮಾಡಿದ ಹೋಲಿಕೆ

ಓಡುತ್ತಿರುವ ವರ್ಚುವಲ್ ಮೆಷಿನ್‌ಗೆ (ವಿಎಂ, ಅಂದರೆ ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್ ನಡೆಸುವ ಇನ್ನೊಂದು ಕಂಪ್ಯೂಟರ್) ಡಿಸ್ಕ್ ಸೇರಿಸುವುದು ಸುಲಭ. ಕಷ್ಟ ಇರುವುದು ತೆಗೆಯುವುದರಲ್ಲಿ. ತೆಗೆಯಬೇಕಾದರೆ ಒಳಗಿರುವ ಗೆಸ್ಟ್ ಓಎಸ್ ಒಪ್ಪಬೇಕು. ಅದು ಒಪ್ಪಿತೋ, ಇಲ್ಲವೋ, ನಮ್ಮ ಮಾತು ಅದಕ್ಕೆ ಕೇಳಿಸಿತೋ ಇಲ್ಲವೋ ಎಂಬುದು ಹೊರಗಿರುವ ನಮಗೆ ಗೊತ್ತಾಗಬೇಕು. ಡಿಸ್ಕ್ ಎಷ್ಟು ಬೇಗ ಹೋಗುತ್ತದೆ ಅನ್ನುವುದಕ್ಕಿಂತ ನನಗೆ ಇದೇ ಮುಖ್ಯ. ಈ ಹೋಲಿಕೆಯನ್ನೂ ಅದೇ ದೃಷ್ಟಿಯಿಂದ ಮಾಡಿದ್ದೇನೆ.

ನಾನು ಮಂಗಳೂರಿನಲ್ಲಿ ಕೂತು ಇಲ್ಲಿನ ಮತ್ತು ಉಡುಪಿ ಕಡೆಯ ಕೆಲವು ಸಣ್ಣ ಸಹಕಾರಿ ಸಂಘಗಳ ಸರ್ವರ್ ನೋಡಿಕೊಳ್ಳುತ್ತೇನೆ. ಲೆಕ್ಕದ ಸಾಫ್ಟ್‌ವೇರ್ ವಿಎಂ ಒಳಗೆ ಓಡುತ್ತದೆ. ರಾತ್ರಿ ವ್ಯವಹಾರ ಮುಗಿದ ಮೇಲೆ ಬ್ಯಾಕಪ್ ಡಿಸ್ಕನ್ನು ವಿಎಂಗೆ ಜೋಡಿಸಿ, ಕಾಪಿ ಮುಗಿದ ಕೂಡಲೇ ಬಿಡಿಸಬೇಕು. ಸುಮ್ನೆ ಹಾಗೇ ಬಿಟ್ಟರೆ ರ‍್ಯಾನ್ಸಮ್‌ವೇರ್ ಒಳಗೆ ಬಂದ ದಿನ ಬ್ಯಾಕಪ್ಪೂ ಲಾಕ್ ಆಗುತ್ತದೆ. ಜನರ ಠೇವಣಿಯ ಲೆಕ್ಕ ಅದು. ಮಳೆಗಾಲದ ರಾತ್ರಿ ಪಡುಬಿದ್ರಿ ದಾಟಿ ಉಡುಪಿಗೆ ಓಡಿ ಹೋಗಿ ಸರಿಮಾಡುವ ಕೆಲಸವೂ ಅಲ್ಲ. ದೂರದಿಂದಲೇ ಖಚಿತವಾಗಿ ನಡೆಯಬೇಕು.

ಎಲ್ಲ ಕಡೆ ಇರುವುದು ವಿಎಂ ಓಡಿಸುವ ಕ್ಯೂಎಮು, ಮೇಲೆ ಅದನ್ನು ನಿಭಾಯಿಸುವ ಲಿಬ್‌ವರ್ಟ್. ಇಲ್ಲಿ ಒಂದು ವಿಷಯ ತುಂಬಾ ಜನ ತಪ್ಪು ತಿಳಿಯುತ್ತಾರೆ. ಸಾಧನ ತೆಗೆಯಲು ಕ್ಯೂಎಮುಗೆ ಕೊಡುವ ‘ಡಿವೈಸ್_ಡೆಲ್’ ಕಮಾಂಡ್ ತಕರಾರಿಲ್ಲದೆ ಮುಗಿಯಿತು ಅಂದರೆ ಪಿಸಿಐ ಸಾಧನ (ಕಂಪ್ಯೂಟರಿನ ಪಿಸಿಐ ಬಸ್‌ಗೆ ಕಾರ್ಡ್‌ನಂತೆ ಸಿಕ್ಕಿಸಿದ್ದು) ಹೋಯಿತು ಅಂತಲ್ಲ. ಕೋರಿಕೆ ಕಳುಹಿಸಿದೆ, ಅಷ್ಟೇ. ನಿಜವಾಗಿ ಹೋದಾಗ ‘ಡಿವೈಸ್_ಡಿಲೀಟೆಡ್’ ಎಂಬ ಈವೆಂಟ್ (ಸೂಚನೆ) ಬರುತ್ತದೆ. ಲಿಬ್‌ವರ್ಟ್ ಅದಕ್ಕಾಗಿ 5 ಸೆಕೆಂಡ್ ಕಾಯುತ್ತದೆ. ಬರದಿದ್ದರೂ ‘ಡಿಟ್ಯಾಚ್ ಕೋರಿಕೆ ಯಶಸ್ವಿಯಾಗಿ ಕಳುಹಿಸಲಾಗಿದೆ’ ಅನ್ನುವ ಅರ್ಥದ ಸಂದೇಶ ತೋರಿಸಿ ವಾಪಸ್ ಬರುತ್ತದೆ. ಆ ‘ಯಶಸ್ವಿ’ಯನ್ನು ನಂಬಿ ಇಮೇಜ್ ಫೈಲನ್ನು (ವಿಎಂಗೆ ಡಿಸ್ಕ್ ಆಗಿ ಕಾಣುವ ಫೈಲ್) ಬೇರೆ ಕಡೆ ಸಾಗಿಸಲು ಹೋಗಬೇಡಿ.

ಈಗ ದಾರಿಗಳಿಗೆ ಬರೋಣ.

ಮೊದಲನೆಯದು ಎಸಿಪಿಐ, ಅಂದರೆ ಹಾರ್ಡ್‌ವೇರ್ ನಿಭಾಯಿಸಲು ಓಎಸ್ ಮತ್ತು ಫರ್ಮ್‌ವೇರ್ ನಡುವೆ ಇರುವ ಮಾನದಂಡ. ವರ್ಟಿಯೋ-ಬ್ಲಾಕ್ (ವಿಎಂಗಾಗಿಯೇ ಮಾಡಿದ ಡಿಸ್ಕ್ ಬಗೆ) ಡಿಸ್ಕ್ ಅಂದರೆ ಅದೇ ಒಂದು ಪಿಸಿಐ ಸಾಧನ. ಹಳೆಯ ಐ440ಎಫ್‌ಎಕ್ಸ್ ಮಾದರಿಯ ಮೆಷಿನ್‌ನಲ್ಲಿ ಇದನ್ನು ಬಿಡಿಸುವುದು ಎಸಿಪಿಐ ಮೂಲಕ. ಕ್ಯೂಎಮು ಗೆಸ್ಟ್‌ಗೆ ಇಜೆಕ್ಟ್ ಕೋರಿಕೆ ಕೊಡುತ್ತದೆ. ಗೆಸ್ಟ್ ಡ್ರೈವರನ್ನು ಕಳಚಿ ‘_ಇಜೆ0’ ಮೆಥಡ್ ಕರೆಯುತ್ತದೆ. ಆಗ ಕ್ಯೂಎಮು ಸಾಧನವನ್ನು ತೆಗೆಯುತ್ತದೆ. ಡೆಬಿಯನ್ ಗೆಸ್ಟ್‌ಗಳಲ್ಲಿ ಇದು ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಎಲ್‌ಇಡಿ, ಬಟನ್ ಅಂತ ಯಾವ ನಾಟಕವೂ ಇಲ್ಲ. ನನಗೆ ಇಷ್ಟವಾದದ್ದೂ ಅದಕ್ಕೇ.

ಇದರ ಕೊರತೆ ಬೂಟ್ ಆಗುವ ಹೊತ್ತಿನಲ್ಲಿ ಕಾಣುತ್ತದೆ. ಗೆಸ್ಟ್ ಇನ್ನೂ ಗ್ರಬ್‌ನಲ್ಲಿ (ಓಎಸ್ ಲೋಡ್ ಮಾಡುವ ಬೂಟ್ ಪ್ರೋಗ್ರಾಂ) ನಿಂತಿರುವಾಗ ಕೋರಿಕೆ ಹೋದರೆ ಕೇಳುವವರೇ ಇಲ್ಲ. ಕರೆಂಟ್ ಹೋಗಿ ಬಂದ ರಾತ್ರಿ ಇದು ಸಹಜವಾಗಿ ಆಗುತ್ತದೆ, ಅಲ್ವಾ? ಮತ್ತೆ ಕೇಳೋಣ ಅಂದರೆ ಕೆಲವು ಆವೃತ್ತಿಗಳು ‘ಈ ಸಾಧನ ಆಗಲೇ ಅನ್‌ಪ್ಲಗ್ ಆಗುತ್ತಿದೆ’ ಅಂತ ಎರಡನೇ ಕೋರಿಕೆಯನ್ನು ತಿರಸ್ಕರಿಸುತ್ತಿದ್ದವು. ವಿಎಂ ಆಫ್ ಮಾಡದೆ ಬೇರೆ ದಾರಿ ಇರಲಿಲ್ಲ. 2023ರಲ್ಲಿ ಬಂದ ತಿದ್ದುಪಡಿಯ ನಂತರ ಮತ್ತೆ ಮತ್ತೆ ಕೇಳಬಹುದು. ಹಳೆಯ ಆವೃತ್ತಿ ಇಟ್ಟುಕೊಂಡವರು ಇದೊಂದೇ ಕಾರಣಕ್ಕಾದರೂ ಅಪ್‌ಡೇಟ್ ಮಾಡಿ.

ಎರಡನೆಯದು ಪಿಸಿಐ ಎಕ್ಸ್‌ಪ್ರೆಸ್‌ನ ಸ್ವಂತ ಹಾಟ್‌ಪ್ಲಗ್ (ಓಡುವಾಗಲೇ ಸೇರಿಸಿ ತೆಗೆಯುವ ವ್ಯವಸ್ಥೆ). ಹೊಸ ಮಾದರಿಯಾದ ಕ್ಯೂ35 ಮೆಷಿನ್‌ನಲ್ಲಿ ಪ್ರತಿ ಡಿಸ್ಕ್‌ಗೆ ಒಂದೊಂದು ರೂಟ್ ಪೋರ್ಟ್ (ಸಾಧನ ಸಿಕ್ಕಿಸುವ ಸ್ಲಾಟ್) ಮೊದಲೇ ಇಟ್ಟಿರಬೇಕು. ನೇರ ಮುಖ್ಯ ಬಸ್‌ಗೆ ಸಿಕ್ಕಿಸಿದ್ದು ಓಡುವಾಗ ಬಿಡಿಸಲು ಬರುವುದಿಲ್ಲ. ಈ ಪದ್ಧತಿ ನಿಜವಾದ ಸರ್ವರ್ ಹಾರ್ಡ್‌ವೇರ್‌ನ ನಕಲು. ಕ್ಯೂಎಮು ಅಟೆನ್ಶನ್ ಬಟನ್ ಒತ್ತಿದಂತೆ ಮಾಡುತ್ತದೆ. ಗೆಸ್ಟ್ ಪವರ್ ದೀಪವನ್ನು ಮಿನುಗಿಸುತ್ತಾ 5 ಸೆಕೆಂಡ್ ಕಾಯುತ್ತದೆ. ಮನುಷ್ಯ ಮನಸ್ಸು ಬದಲಿಸಿದರೆ ಇರಲಿ ಅಂತ ಆ ಬಿಡುವು. ಅಷ್ಟರಲ್ಲಿ ಬಟನ್ ಇನ್ನೊಮ್ಮೆ ಒತ್ತಿದರೆ ಕೋರಿಕೆ ರದ್ದು. ನಮ್ಮ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಒಂದು ವಿಸಿಲ್ ಹೊಡೆದರೆ ನಿಲ್ಲು, ಎರಡು ಹೊಡೆದರೆ ಹೋಗು ಇದ್ದ ಹಾಗೆ.

ಸ್ಕ್ರಿಪ್ಟ್ ಬರೆಯುವವರಿಗೆ ಇದು ದೊಡ್ಡ ತಲೆನೋವು. ಉತ್ತರ ಬರಲಿಲ್ಲ ಅಂತ ಸ್ಕ್ರಿಪ್ಟ್ ಮತ್ತೆ ಕೇಳುತ್ತದೆ. ಹಳೆಯ ಆವೃತ್ತಿಗಳಲ್ಲಿ ಆ ಎರಡನೇ ಕೇಳಿಕೆಯೇ ಮೊದಲನೆಯದನ್ನು ರದ್ದು ಮಾಡುತ್ತಿತ್ತು. ಡಿಸ್ಕ್ ಅಲ್ಲೇ ಉಳಿಯುತ್ತಿತ್ತು, ಯಾರೂ ಎರರ್ ಹೇಳುತ್ತಿರಲಿಲ್ಲ. 2021ರ ಡಿಸೆಂಬರ್‌ನಲ್ಲಿ ಬಂದ ಕ್ಯೂಎಮು 6.2ರಿಂದ ಇದು ಎಷ್ಟೋ ಸುಧಾರಿಸಿದೆ. ದೀಪ ಮಿನುಗುತ್ತಿದ್ದರೆ ‘ಗೆಸ್ಟ್ ಬ್ಯುಸಿ’ ಅಂತ ಸ್ಪಷ್ಟವಾಗಿ ಹೇಳಿ ಕೋರಿಕೆಯನ್ನು ನಿಲ್ಲಿಸುತ್ತದೆ. ಸ್ಲಾಟ್‌ನ ಪವರ್ ಆಗಲೇ ಆಫ್ ಇದ್ದರೆ ಕಾಯದೆ ತೆಗೆಯುತ್ತದೆ. ಆದರೂ ಆ 5 ಸೆಕೆಂಡ್ ಹಾಗೇ ಇದೆ. ಲಿಬ್‌ವರ್ಟ್ ಕಾಯುವುದೂ 5 ಸೆಕೆಂಡ್. ಹಾಗಾಗಿ ಡಿಟ್ಯಾಚ್ ಸರಿಯಾಗಿ ನಡೆಯುತ್ತಿದ್ದರೂ ಲಿಬ್‌ವರ್ಟ್ ಅದನ್ನು ನೋಡುವ ಮೊದಲೇ ವಾಪಸ್ ಬಂದುಬಿಡಬಹುದು.

ಇಂಥ ತೊಂದರೆಗಳಿಂದಾಗಿಯೇ 2021ರ ಆಗಸ್ಟ್‌ನ ಕ್ಯೂಎಮು 6.1ರಿಂದ ಕ್ಯೂ35ರಲ್ಲೂ ಎಸಿಪಿಐ ದಾರಿಯನ್ನೇ ಡೀಫಾಲ್ಟ್ ಮಾಡಿದರು. ಅದು ಮೆಷಿನ್ ಟೈಪ್‌ಗೆ (ವಿಎಂ ಯಾವ ಆವೃತ್ತಿಯ ಹಾರ್ಡ್‌ವೇರ್‌ನಂತೆ ನಡೆಯಬೇಕು ಎಂಬ ಗುರುತು) ಅಂಟಿಕೊಂಡಿದೆ. ಕ್ಯೂಎಮು ಹೊಸದಾಗಿದ್ದರೂ ವಿಎಂನ ಎಕ್ಸ್‌ಎಂಎಲ್‌ನಲ್ಲಿ (ಸೆಟ್ಟಿಂಗ್ ಫೈಲ್) 6.0 ಟೈಪ್ ಇದ್ದರೆ ಹಳೆಯ ಬಟನ್ ದಾರಿಯೇ ನಡೆಯುತ್ತದೆ. ಮೊದಲು ಅದನ್ನು ನೋಡಿಕೊಳ್ಳಿ. ಎರಡರಲ್ಲಿ ಆರಿಸಿಕೊಳ್ಳಿ ಅಂದರೆ ನನ್ನ ಮತ ಎಸಿಪಿಐಗೆ.

ಒಂದು ಕೊರತೆ ಮಾತ್ರ ಎರಡಕ್ಕೂ ಇದೆ. ವಿಂಡೋಸ್ ಗೆಸ್ಟ್‌ನಲ್ಲಿ ಯಾವುದೋ ಫೈಲ್ ತೆರೆದಿದ್ದರೆ ಅದು ಡಿಸ್ಕ್ ಬಿಡಲು ಒಪ್ಪದಿರಬಹುದು. ಆಗ ‘ಆಗುವುದಿಲ್ಲ’ ಎಂಬ ಉತ್ತರ ಹೊರಗೆ ಬರುವುದಿಲ್ಲ, ಬರೀ ಮೌನ. ಲಿನಕ್ಸ್ ತದ್ವಿರುದ್ಧ. ಡಿಸ್ಕ್ ಮೌಂಟ್ ಆಗಿದ್ದರೂ (ಬಳಕೆಗೆ ತೆರೆದಿದ್ದರೂ) ಬಿಟ್ಟುಕೊಡುತ್ತದೆ, ಮೇಲಿನ ಫೈಲ್‌ಸಿಸ್ಟಂ ಎರರ್ ಕೊಡಲು ಶುರುಮಾಡುತ್ತದೆ. ಗೆಸ್ಟ್ ಒಪ್ಪಿತು ಅಂದ ಮಾತ್ರಕ್ಕೆ ಡೇಟಾ ಕ್ಷೇಮ ಅಂತ ತಿಳಿಯಬಾರದು. ಮೊದಲು ಅನ್‌ಮೌಂಟ್ ಮಾಡಲೇಬೇಕು.

ಅನ್‌ಮೌಂಟ್ ಹೇಗೂ ನಾವೇ ಮಾಡಬೇಕು ಅಂದಮೇಲೆ ಮೂರನೇ ದಾರಿಯ ಬೆಲೆ ಗೊತ್ತಾಗುತ್ತದೆ. ಅದು ವರ್ಟಿಯೋ-ಸ್ಕಸಿ. ಇಲ್ಲಿ ಪಿಸಿಐ ಸಾಧನ ಕಂಟ್ರೋಲರ್ ಮಾತ್ರ. ಡಿಸ್ಕ್‌ಗಳು ಅದರ ಹಿಂದೆ ಇರುವ ಲನ್‌ಗಳು (ನಂಬರ್ ಹಾಕಿದ ಘಟಕಗಳು). ಡಿಸ್ಕ್ ತೆಗೆಯಿರಿ ಅಂದರೆ ಕ್ಯೂಎಮು ಗೆಸ್ಟ್‌ಗೆ ‘ಹೋಯಿತು’ ಅಂತ ಸುದ್ದಿ ಮುಟ್ಟಿಸುತ್ತದೆ, ಒಪ್ಪಿಗೆಗೆ ಕಾಯದೆ ತೆಗೆದೇಬಿಡುತ್ತದೆ. ಡಿವೈಸ್_ಡಿಲೀಟೆಡ್ ಕೂಡಲೇ ಬರುತ್ತದೆ. ಗೆಸ್ಟ್ ಬೂಟ್ ಆಗುತ್ತಿದ್ದರೂ, ಹ್ಯಾಂಗ್ ಆಗಿದ್ದರೂ ಡಿಸ್ಕ್ ಹೊರಗೆ ಬರುತ್ತದೆ. ಪ್ರತಿ ಡಿಸ್ಕ್‌ಗೆ ರೂಟ್ ಪೋರ್ಟ್ ಇಡುವ ತಾಪತ್ರಯವೂ ಇಲ್ಲ.

ಬರೆಯುತ್ತಿರುವಾಗಲೇ ಎಳೆದುಬಿಟ್ಟರೆ ಹಾನಿ ಖಂಡಿತ. ಇಎಕ್ಸ್‌ಟಿ4 ಜರ್ನಲ್ ನಿಂತು ಎರರ್‌ಗಳು ಸಾಲಾಗಿ ಬರುತ್ತವೆ. ಪೂರ್ತಿ ಜವಾಬ್ದಾರಿ ನಮ್ಮದು. ಆದರೆ ಆ ಜವಾಬ್ದಾರಿ ಎಲ್ಲಿಂದ ಎಲ್ಲಿಯವರೆಗೆ ಅಂತ ಸ್ಪಷ್ಟ ಇದೆ. ನಾನು ಬ್ಯಾಕಪ್‌ಗೆ ಇದನ್ನೇ ಆರಿಸಿದೆ. ಗೆಸ್ಟ್ ಏಜೆಂಟ್ (ವಿಎಂ ಒಳಗೆ ಓಡುತ್ತಾ ಹೊರಗಿನ ಮಾತು ಕೇಳುವ ಪ್ರೋಗ್ರಾಂ) ಮೂಲಕ ಅನ್‌ಮೌಂಟ್ ಮಾಡಿಸುತ್ತೇನೆ. ಅದರ ಎಕ್ಸಿಟ್ ಕೋಡ್ ಸೊನ್ನೆ, ಅಂದರೆ ಸರಿಯಾಗಿ ಮುಗಿಯಿತು, ಅಂತ ಬಂದರೆ ಮಾತ್ರ ಡಿಟ್ಯಾಚ್. ಕೆಲವು ಡಿಸ್ಟ್ರೋಗಳಲ್ಲಿ ಏಜೆಂಟ್‌ನ ‘ಗೆಸ್ಟ್-ಎಕ್ಸೆಕ್’ (ಒಳಗೆ ಕಮಾಂಡ್ ಓಡಿಸುವ ಸೌಲಭ್ಯ) ಮೊದಲೇ ಬಂದ್ ಇರುತ್ತದೆ. ಅಂಥ ಕಡೆ ಗೆಸ್ಟ್ ಒಳಗಿನ ಬ್ಯಾಕಪ್ ಸ್ಕ್ರಿಪ್ಟೇ ಕೊನೆಯಲ್ಲಿ ಅನ್‌ಮೌಂಟ್ ಮಾಡುವಂತೆ ಇಟ್ಟಿದ್ದೇನೆ.

ನೆಟ್‌ವರ್ಕ್ ಕಾರ್ಡ್‌ಗೆ ಈ ದಾರಿ ಇಲ್ಲ. ಅದಕ್ಕೆ ಎಸಿಪಿಐ ಸಾಕು. ಮೆಮೊರಿ ತೆಗೆಯುವುದು ಬೇರೆಯೇ ಕತೆ. ಡಿಮ್ (ಮೆಮೊರಿ ಕಡ್ಡಿ) ರೂಪದಲ್ಲಿ ಕೊಟ್ಟ ಮೆಮೊರಿಯಲ್ಲಿ ಕರ್ನಲ್ ಸರಿಸಲಾಗದ ಪುಟಗಳು ಕೂತರೆ ಗೆಸ್ಟ್ ಬಿಡುವುದಿಲ್ಲ. ಆದರೆ ಅಲ್ಲಿ ‘ಎಸಿಪಿಐ_ಡಿವೈಸ್_ಓಎಸ್‌ಟಿ’ ಈವೆಂಟ್ ಮೂಲಕ ನಿರಾಕರಣೆಯಾದರೂ ಹೊರಗೆ ಗೊತ್ತಾಗುತ್ತದೆ. ಮೆಮೊರಿ ಏರಿಳಿತ ಜಾಸ್ತಿ ಇರುವವರು 2020ರಲ್ಲಿ ಕ್ಯೂಎಮು 5.1 ಮತ್ತು ಲಿನಕ್ಸ್ 5.8ರ ಜೊತೆ ಬಂದ ವರ್ಟಿಯೋ-ಮೆಮ್ ನೋಡಿ. ಸಣ್ಣ ಸಣ್ಣ ತುಂಡುಗಳಲ್ಲಿ ಬಿಡಿಸುವುದರಿಂದ ತೆಗೆದಷ್ಟಾದರೂ ಕೈಗೆ ಸಿಗುತ್ತದೆ.

ಯಾವ ದಾರಿ ಹಿಡಿದರೂ ಸ್ಕ್ರಿಪ್ಟ್ ಡಿವೈಸ್_ಡಿಲೀಟೆಡ್ ಈವೆಂಟನ್ನೇ ಕಾಯಲಿ. ಅದು ಬರುವ ತನಕ ಆ ಸಾಧನದ ಐಡಿಯನ್ನು ಮತ್ತೆ ಬಳಸಲು ಬರುವುದಿಲ್ಲ, ಮರುದಿನದ ಜೋಡಣೆಯೇ ‘ಡೂಪ್ಲಿಕೇಟ್ ಐಡಿ’ ಅಂತ ನಿಲ್ಲುತ್ತದೆ. ನನ್ನದು ಒಂದು ನಿಮಿಷ ಕಾಯುತ್ತದೆ. ಬರದಿದ್ದರೆ ಇಮೇಜ್ ಫೈಲ್ ಮುಟ್ಟದೆ ನಿಂತು ನನ್ನ ಫೋನಿಗೆ ಮೆಸೇಜ್ ಕಳಿಸುತ್ತದೆ.