ಲಕ್ಸರ್‌ನಲ್ಲಿ ‘ಹಳೇ ಕಾಗದ’ ಅಂತ ಕಲ್ಲು ತೋರಿಸಿದರೆ ಕೈಚಾಚಬೇಡಿ

ಈಜಿಪ್ಟ್‌ಗೆ ಹೊರಟವರು ಇದನ್ನೊಮ್ಮೆ ಓದಿ. ಲಕ್ಸರ್‌ನಲ್ಲಿ ನೈಲ್ ನದಿಯ ಪಶ್ಚಿಮ ದಡದಲ್ಲಿ ಮೆದಿನೆತ್ ಹಾಬು ದೇವಾಲಯ ಇದೆ. ಅದರ ಹೊರಗೆ ಒಬ್ಬ ನನ್ನ ಬೆನ್ನು ಬಿದ್ದ. ಬಟ್ಟೆ ಗಂಟು ಬಿಚ್ಚಿ ಅಂಗೈ ಅಗಲದ ಸುಣ್ಣಕಲ್ಲಿನ ಚೂರು, ಒಂದು ಒಂಟೆ ಮೂಳೆ ತೋರಿಸಿದ. ಎರಡರ ಮೇಲೂ ಮಸಿ ಅಕ್ಷರ. ‘ಕಾಪ್ಟಿಕ್, ಸನ್ಯಾಸಿ ಬರೆದದ್ದು’ ಅಂದ. ಕಾಪ್ಟಿಕ್ ಅಂದರೆ ಈಜಿಪ್ಟಿನ ಹಳೇ ಕ್ರೈಸ್ತರ ಭಾಷೆ.

ಏನೂ ಗೊತ್ತಿಲ್ಲದಿದ್ದರೆ ಸುಮ್ನೆ ಮುಂದೆ ಹೋಗುತ್ತಿದ್ದೆ. ಅರ್ಧಂಬರ್ಧ ಓದಿಕೊಂಡಿದ್ದೇ ಎಡವಟ್ಟಾಯಿತು. ಆ ದೇವಾಲಯದ ಗೋಡೆಯೊಳಗೂ ಹೊರಗೂ ಜೆಮೆ ಎಂಬ ಕ್ರೈಸ್ತರ ಊರಿತ್ತು. 7-8ನೇ ಶತಮಾನದಲ್ಲಿ ಅಲ್ಲಿನ ಜನ, ಸುತ್ತಲ ಬೆಟ್ಟದ ಸನ್ಯಾಸಿಗಳು ಒಡೆದ ಮಡಕೆ, ಕಲ್ಲಿನ ಚೂರುಗಳ ಮೇಲೆ ಬರೆಯುತ್ತಿದ್ದರು. ಬಿಟ್ಟಿ ಸಿಗುತ್ತಿತ್ತಲ್ಲ! ಸಾಲದ ಪತ್ರ, ತೆರಿಗೆ ರಸೀದಿ, ಅದು ಕಳಿಸಿ ಇದು ಕಳಿಸಿ ಎನ್ನುವ ಚೀಟಿ, ಎಲ್ಲಾ ಅದರಲ್ಲೇ. ಮೂಳೆ ಮೇಲೆ ಬರೆದದ್ದೂ ಉಂಟು. ಅಕ್ಷರ ತಿದ್ದಿದ ಚೂರುಗಳೂ ಸಿಕ್ಕಿವೆ. ನನ್ನ ಕಲ್ಲಿನಲ್ಲಿ ಒಂದೇ ಸಾಲು ಮೂರು ಸಲ ಇತ್ತು. ಅನುಮಾನ ಬರಬೇಕಿತ್ತು. ನನಗೋ, ಯಾವುದೋ ಮಗು ತಿದ್ದಿದ್ದಿರಬೇಕು ಅಂತ ಕಣ್ಣು ತುಂಬಿ ಬಂತು. ಚೌಕಾಸಿ ಮಾಡಿ ಎರಡಕ್ಕೂ ಸೇರಿ 1500 ಈಜಿಪ್ಟ್ ಪೌಂಡ್ ಕೊಟ್ಟೆ.

ಹೋಟೆಲಿಗೆ ಬಂದು ಮಣ್ಣು ಹೋಗಲಿ ಅಂತ ಕಲ್ಲನ್ನು ನಲ್ಲಿ ಕೆಳಗೆ ಹಿಡಿದೆ. ಟೀ ಬಣ್ಣದ ನೀರು ಇಳಿಯಿತು. ಎದೆ ಧಸಕ್ ಎಂದಿತು. ಹಾಗಂತ ಮಸಿ ಬಿಟ್ಟರೆ ನಕಲಿ ಅಂತ ತಿಳಿಯಬೇಡಿ. ಆ ಕಾಲದ ಮಸಿಯೂ ಹೆಚ್ಚಾಗಿ ಕಾಡಿಗೆಗೆ ಅಂಟು ಕಲಸಿದ್ದೇ, ನೀರು ತಾಗಿದರೆ ಕದಡುತ್ತದೆ. ನಿಜವಾದದ್ದಾಗಿದ್ದರೆ ಒಂದು ಪತ್ರವನ್ನೇ ತೊಳೆದು ಹಾಕಿರುತ್ತಿದ್ದೆ.

ಅಸಲಿ ಪೇಚು ವಿಮಾನ ನಿಲ್ದಾಣದಲ್ಲಿ. ಸ್ಕ್ಯಾನರ್‌ನಲ್ಲಿ ಕಲ್ಲು ಕಂಡಿತು, ನನ್ನನ್ನು ಪಕ್ಕಕ್ಕೆ ಕೂರಿಸಿದರು. 1983ರ 117ನೇ ಕಾನೂನಿನ ಪ್ರಕಾರ ಅಲ್ಲಿ ಪುರಾತನ ವಸ್ತು ಮಾರುವುದೂ ಅಪರಾಧ, ದೇಶದಿಂದ ಹೊರಗೆ ಒಯ್ಯುವುದೂ ಅಪರಾಧ. ಜೈಲೇ ಆಗಬಹುದು. ‘ಗೊತ್ತಿರಲಿಲ್ಲ ಸಾರ್’ ಎಂದರೆ ಯಾರು ಕೇಳ್ತಾರೆ? ಮೂರು ಗಂಟೆ ಕಾದ ಮೇಲೆ ಪುರಾತತ್ವದವರೊಬ್ಬರು ಬಂದರು. ಕಲ್ಲು ನೋಡಿ ನಕ್ಕುಬಿಟ್ಟರು. ಕಾಪ್ಟಿಕ್‌ನಲ್ಲಿ ಗ್ರೀಕ್ ಅಕ್ಷರಗಳ ಜೊತೆಗೆ ಹಳೇ ಈಜಿಪ್ಟ್ ಲಿಪಿಯಿಂದ ಬಂದ ಆರೇಳು ಅಕ್ಷರ ಇರುತ್ತವೆ. ನನ್ನದರಲ್ಲಿ ಅಂಥದ್ದು ಒಂದೂ ಇಲ್ಲ. ಇದ್ದ ಗ್ರೀಕ್‌ನಲ್ಲೂ ಎರಡು ಅಕ್ಷರ ತಲೆಕೆಳಗು! ಮೋಸ ಹೋಗಿದ್ದಕ್ಕೆ ಅಷ್ಟು ಖುಷಿಪಟ್ಟಿದ್ದು ಜೀವನದಲ್ಲಿ ಅದೇ ಮೊದಲು.

ಇಂಥವನ್ನು ನೋಡುವ ಆಸೆಯಿದ್ದರೆ ಕೈರೋದ ಕಾಪ್ಟಿಕ್ ಮ್ಯೂಸಿಯಂಗೆ ಹೋಗಿ. ಆನ್‌ಲೈನ್‌ನಲ್ಲಿ ‘ನಮ್ಮಜ್ಜನ ಸಂಗ್ರಹದ್ದು’ ಅಂತ ಮಾರುವವರೂ ಇದ್ದಾರೆ. ಬರೀ ಆ ಕತೆ ನಂಬಿ ದುಡ್ಡು ಕೊಡಬೇಡಿ.

ಮೂಳೆಯನ್ನು ವಾಪಸ್ ಕೊಟ್ಟರು. ಮನೆಗೆ ತಂದು ತಿಂಗಳಾಯಿತು, ಇನ್ನೂ ಮಾಂಸದ ವಾಸನೆ ಹೋಗಿಲ್ಲ.