ಗ್ಲೈಡರಿಗೆ ಯಾವ ಫೋನ್, ಯಾವ ಆ್ಯಪ್, ಯಾವ ಸಂಪರ್ಕ: ಎಕ್ಸ್‌ಸಿಸೋರ್ ಬಳಸಿ ನೋಡಿದ ಮೇಲೆ

ಎಂಜಿನ್ ಇಲ್ಲದ ಗ್ಲೈಡರಿನಲ್ಲಿ ನ್ಯಾವಿಗೇಷನ್ ಸಾಧನ ಉತ್ತರಿಸಬೇಕಾದ ಪ್ರಶ್ನೆ ಒಂದೇ: ಈಗಿರುವ ಎತ್ತರದಲ್ಲಿ, ಈಗ ಬೀಸುತ್ತಿರುವ ಗಾಳಿಯಲ್ಲಿ, ಇಳಿಯಬಹುದಾದ ಯಾವ ಮೈದಾನದವರೆಗೆ ತಲುಪಬಹುದು? ದಾರಿ ತೋರಿಸುವುದು, ನಕ್ಷೆ ಚೆನ್ನಾಗಿ ಕಾಣುವುದು ಇವೆಲ್ಲ ಆಮೇಲಿನ ಮಾತು. ಸ್ಮಾರ್ಟ್‌ಫೋನ್ ಈ ಪ್ರಶ್ನೆಗೆ ನಂಬುವಂಥ ಉತ್ತರ ಕೊಡುತ್ತದೆಯೇ ಎಂದು ಕೇಳಿದರೆ, ಕೊಡುತ್ತದೆ ಎಂದೇ ಹೇಳುತ್ತೇನೆ. ಆದರೆ ಒಂಟಿಯಾಗಿ ಅಲ್ಲ, ಗ್ಲೈಡರಿನೊಳಗಿನ ಉಪಕರಣಗಳ ಜೊತೆ ಸರಿಯಾಗಿ ಜೋಡಿಸಿದಾಗ ಮಾತ್ರ. ಆ ಕಾರಣಕ್ಕೆ ಈ ವಿಮರ್ಶೆಯಲ್ಲಿ ಫೋನಿನ ಮಾದರಿಗಿಂತ, ಆ್ಯಪ್‌ನ ಅಂದಕ್ಕಿಂತ, ಜೋಡಣೆಯ ವಿಷಯಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ನಾನು ಹಾರುವುದು ದಕ್ಷಿಣ ಜರ್ಮನಿಯಲ್ಲಿ, ಶ್ವೇಬಿಯನ್ ಆಲ್ಬ್ ಗುಡ್ಡಸಾಲಿನ ಮೇಲೆ, ಕ್ಲಬ್ಬಿಗೆ ಸೇರಿದ ಎರಡು ಆಸನದ ಎಎಸ್‌ಕೆ 21 ಮತ್ತು ಒಂದು ಆಸನದ ಎಲ್‌ಎಸ್4 ಗ್ಲೈಡರುಗಳಲ್ಲಿ. ಸ್ಟುಟ್‌ಗಾರ್ಟ್ ಸುತ್ತಮುತ್ತ ಉದ್ಯೋಗಕ್ಕೆ ಬಂದು ನೆಲೆಸಿರುವ ಕನ್ನಡಿಗರಲ್ಲಿ ಗ್ಲೈಡಿಂಗ್ ಕಲಿಯಲು ಆಸೆಪಡುವವರಿದ್ದಾರೆ, ಅವರು ಸಾಮಾನ್ಯವಾಗಿ ಕೇಳುವುದು "ಯಾವ ಫೋನ್ ತೆಗೆದುಕೊಳ್ಳಲಿ?" ಎಂದು. ಕೈಯಲ್ಲಿರುವ ಫೋನನ್ನೇ ಮೊದಲು ಬಳಸಿ ನೋಡಿ ಎನ್ನುವುದು ನನ್ನ ಉತ್ತರ. ಹೊಸದನ್ನು ಕೊಳ್ಳಲೇಬೇಕಾದರೆ ಮೂರು ಸಂಗತಿಗಳನ್ನು ನೋಡಬೇಕು: ಬಿಸಿಲಿನಲ್ಲಿ ಪರದೆ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ, ಬಿಸಿಯಾದಾಗ ಅದು ಹೇಗೆ ವರ್ತಿಸುತ್ತದೆ, ಹೊರಗಿನ ಉಪಕರಣದಿಂದ ಮಾಹಿತಿ ಪಡೆಯಲು ಯಾವ ದಾರಿಗಳಿವೆ.

ಪರದೆಯ ವಿಷಯದಲ್ಲಿ ಅಂಗಡಿಯೊಳಗಿನ ಪರೀಕ್ಷೆ ಏನೂ ಹೇಳುವುದಿಲ್ಲ. ಗ್ಲೈಡರಿನ ಪಾರದರ್ಶಕ ಮುಚ್ಚಳದೊಳಗೆ ಎಲ್ಲ ದಿಕ್ಕಿನಿಂದಲೂ ಬೆಳಕು ಬೀಳುತ್ತದೆ. ಪೈಲಟ್‌ನ ಬಿಳಿ ಅಂಗಿಯ ಪ್ರತಿಫಲನವೇ ನಕ್ಷೆಯ ಮೇಲೆ ಕುಳಿತುಬಿಡುತ್ತದೆ. ಫೋನನ್ನು ಮಧ್ಯಾಹ್ನದ ಬಿಸಿಲಿಗೆ ಒಯ್ದು, ಹಾರುವಾಗ ಹಾಕಿಕೊಳ್ಳುವ ಕಪ್ಪು ಕನ್ನಡಕವನ್ನೇ ಹಾಕಿಕೊಂಡು, ಅಡ್ಡವಾಗಿಯೂ ಉದ್ದವಾಗಿಯೂ ಹಿಡಿದು ನೋಡಬೇಕು. ಪೋಲರೈಸ್ಡ್ ಕನ್ನಡಕವಾದರೆ ಕೆಲವು ಪರದೆಗಳು ಒಂದು ದಿಕ್ಕಿನಲ್ಲಿ ಪೂರ್ತಿ ಕಪ್ಪಾಗಿ ಕಾಣುತ್ತವೆ.

ಬಿಸಿಯ ಸಮಸ್ಯೆ ಇದಕ್ಕಿಂತ ಗಂಭೀರ. ಐಫೋನನ್ನು 0ರಿಂದ 35 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದ ವಾತಾವರಣದಲ್ಲಿ ಬಳಸಬೇಕೆಂದು ಅದರ ತಯಾರಕರೇ ಹೇಳುತ್ತಾರೆ. ಹಾರಲು ಸರದಿಗಾಗಿ ಕಾಯುತ್ತಿರುವ ಗ್ಲೈಡರಿನ ಮುಚ್ಚಳ ಹಾಕಿದರೆ ಬೇಸಿಗೆಯಲ್ಲಿ ಆ ಮಿತಿ ಬಹಳ ಬೇಗ ದಾಟುತ್ತದೆ. ಕಾದ ಫೋನ್ ಮೊದಲು ಪರದೆಯ ಬೆಳಕನ್ನು ತಗ್ಗಿಸುತ್ತದೆ, ಅಂದರೆ ಬೆಳಕು ಹೆಚ್ಚು ಬೇಕಾದ ಹೊತ್ತಿನಲ್ಲೇ ಅದು ಮಂಕಾಗುತ್ತದೆ. ಆಮೇಲೆ ಚಾರ್ಜ್ ಆಗುವುದನ್ನೂ ನಿಲ್ಲಿಸುತ್ತದೆ. ದಪ್ಪನೆಯ ಕವಚ ತೆಗೆದಿಡುವುದು, ಗಾಳಿಯ ಕಿಂಡಿಯಿಂದ ಬರುವ ತಂಪು ಫೋನಿನ ಬೆನ್ನಿಗೆ ತಾಗುವಂತೆ ಜೋಡಿಸುವುದು, ತಂತಿಯಿಲ್ಲದ ಚಾರ್ಜಿಂಗ್ ತನ್ನದೇ ಬಿಸಿ ಹುಟ್ಟಿಸುವುದರಿಂದ ಅದನ್ನು ದೂರವಿಡುವುದು, ಇಷ್ಟು ಮಾಡಿದರೆ ಪರಿಸ್ಥಿತಿ ಬಹುಮಟ್ಟಿಗೆ ಹದಕ್ಕೆ ಬರುತ್ತದೆ. ಆಯಸ್ಕಾಂತದಿಂದ ಅಂಟಿಕೊಳ್ಳುವ ಹಿಡಿಕೆಗಳನ್ನು ಮಾತ್ರ ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ, ಏಕೆಂದರೆ ಪಕ್ಕದಲ್ಲೇ ದಿಕ್ಸೂಚಿ ಇರುತ್ತದೆ.

ಆ್ಯಪ್‌ಗಳಲ್ಲಿ ನಾನು ನೆಚ್ಚಿಕೊಂಡಿರುವುದು ಎಕ್ಸ್‌ಸಿಸೋರ್. ಇದು ಮುಕ್ತ ತಂತ್ರಾಂಶ. ಆಂಡ್ರಾಯ್ಡ್ ಫೋನುಗಳಲ್ಲಿ ಹಣ ಕೊಡದೆ ಹಾಕಿಕೊಳ್ಳಬಹುದು. ಗ್ಲೈಡರ್ ಪೈಲಟ್‌ಗಳೇ ವರ್ಷಗಟ್ಟಲೆ ಕೈಜೋಡಿಸಿ ಬೆಳೆಸಿದ್ದು ಎಂಬುದು ಬಳಸುವಾಗ ಹೆಜ್ಜೆಹೆಜ್ಜೆಗೂ ಗೊತ್ತಾಗುತ್ತದೆ. ನಕ್ಷೆಯ ಎಡ ಅಂಚಿನಲ್ಲಿ ನಿಲ್ಲುವ ಬಾಣದ ಪಟ್ಟಿ ಹಸಿರಾಗಿದ್ದರೆ ಗುರಿ ತಲುಪಲು ಎತ್ತರ ಸಾಕು, ಕೆಂಪಾಗಿದ್ದರೆ ಸಾಲದು. ಥರ್ಮಲ್‌ನಲ್ಲಿ, ಅಂದರೆ ಬಿಸಿಯಾಗಿ ಮೇಲೇಳುವ ಗಾಳಿಯಲ್ಲಿ, ಸುತ್ತುತ್ತಾ ಮೇಲೇರುವಾಗ ಗ್ಲೈಡರ್ ಎತ್ತ ಸರಿಯುತ್ತಿದೆ ಎಂಬುದರಿಂದ ಗಾಳಿಯ ದಿಕ್ಕು ಮತ್ತು ವೇಗವನ್ನು ತಾನೇ ಲೆಕ್ಕ ಹಾಕುತ್ತದೆ, ಸುತ್ತಲಿನ ಮೈದಾನಗಳ ಪಕ್ಕದಲ್ಲಿ ಅಲ್ಲಿಗೆ ಎಷ್ಟು ಎತ್ತರ ಉಳಿಸಿಕೊಂಡು ತಲುಪಬಹುದು ಎಂಬ ಅಂಕಿಯನ್ನು ಬರೆಯುತ್ತದೆ. ಮೆನುಗಳು ಆಳವಾಗಿವೆ, ಸೆಟ್ಟಿಂಗ್‌ಗಳು ಬಹಳ ಇವೆ. ಮೊದಲ ಸಲ ತೆರೆದವರಿಗೆ ಗಾಬರಿಯಾಗುವುದು ಸಹಜ. ಆದರೆ ತೆರೆಯುವಾಗಲೇ ಹಾರಾಟವೋ ಅಭ್ಯಾಸವೋ ಎಂದು ಅದು ಕೇಳುತ್ತದೆ. ಅಭ್ಯಾಸವನ್ನು ಆರಿಸಿಕೊಂಡು ಮನೆಯಲ್ಲಿ ಕೆಲವು ಸಂಜೆ ಕಳೆದರೆ ಬೆರಳುಗಳಿಗೆ ದಾರಿ ತಿಳಿಯುತ್ತದೆ. ಕಾಂಡೋರ್ ಎಂಬ ಗ್ಲೈಡಿಂಗ್ ಸಿಮ್ಯುಲೇಟರನ್ನು ಕಂಪ್ಯೂಟರಿನಲ್ಲಿ ನಡೆಸುವವರು ಅದರಿಂದ ಹೊರಬರುವ ಸ್ಥಾನದ ಮಾಹಿತಿಯನ್ನು ಈ ಆ್ಯಪ್‌ಗೆ ಉಣಿಸಿ, ಚಳಿಗಾಲವಿಡೀ ನಿಜವಾದ ಹಾರಾಟದಂತೆಯೇ ಅಭ್ಯಾಸ ಮಾಡಬಹುದು.

ಸ್ಲೊವೇನಿಯಾದ ನಾವಿಟರ್ ಸಂಸ್ಥೆಯ ಸೀಯೂ ನ್ಯಾವಿಗೇಟರ್ ಐಫೋನ್ ಮತ್ತು ಆಂಡ್ರಾಯ್ಡ್ ಎರಡರಲ್ಲೂ ನಡೆಯುತ್ತದೆ. ಅದು ಚಂದಾ ಕೊಟ್ಟು ಬಳಸುವಂಥದ್ದು. ಹೊಸಬರಿಗೆ ಹೆಚ್ಚು ಸುಲಭ, ಮೈದಾನಗಳ ಮತ್ತು ನಿರ್ಬಂಧಿತ ವಾಯುಪ್ರದೇಶಗಳ ಮಾಹಿತಿಯನ್ನು ತಾನೇ ಇಳಿಸಿಕೊಳ್ಳುತ್ತದೆ. ಐಫೋನ್ ಇರುವವರು, ಸೆಟ್ಟಿಂಗ್‌ಗಳ ಜೊತೆ ಹೆಣಗಲು ಮನಸ್ಸಿಲ್ಲದವರು ಅದನ್ನೇ ಆರಿಸಿಕೊಂಡರೆ ತಪ್ಪೇನಿಲ್ಲ. ಹಳೆಯ ಕೋಬೋ ಮಿನಿ ಇ-ರೀಡರಿಗೆ ಎಕ್ಸ್‌ಸಿಸೋರ್ ಹಾಕಿ ಹಾರುವವರೂ ಇದ್ದಾರೆ. ಅದರ ಇ-ಇಂಕ್ ಪರದೆ ಬಿಸಿಲು ಹೆಚ್ಚಿದಷ್ಟೂ ಚೆನ್ನಾಗಿ ಕಾಣುತ್ತದೆ. ಆದರೆ ಬಣ್ಣವಿಲ್ಲ, ಚಿತ್ರ ನಿಧಾನಕ್ಕೆ ಬದಲಾಗುತ್ತದೆ, ಒಳಗೆ ಜಿಪಿಎಸ್ ಇಲ್ಲ. ಬೆಸುಗೆ ಹಾಕುವ ಕೈಚಳಕ ಇಲ್ಲದವರಿಗೆ ಅದು ಹೇಳಿದ್ದಲ್ಲ.

ಇನ್ನು ಜೋಡಣೆ. ಫೋನಿನಲ್ಲೇ ಜಿಪಿಎಸ್ ಇರುವಾಗ ಬೇರೆ ಉಪಕರಣ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಎತ್ತರದ ಲೆಕ್ಕದಲ್ಲಿದೆ. ಉಪಗ್ರಹದಿಂದ ಸಿಗುವ ಎತ್ತರವನ್ನು ಮೂಲತಃ ಅಳೆಯುವುದು ಭೂಮಿಯ ಆಕಾರವನ್ನು ಹೋಲುವ ಒಂದು ಗಣಿತದ ಮೈಯಿಂದ, ಸಮುದ್ರಮಟ್ಟದಿಂದಲ್ಲ. ಎರಡರ ನಡುವೆ ಈ ಭಾಗದಲ್ಲಿ ಸುಮಾರು 48 ಮೀಟರ್ ಅಂತರವಿದೆ. ಎಲ್‌ಎಸ್4 ಒಂದು ಮೀಟರ್ ಇಳಿಯುವಷ್ಟರಲ್ಲಿ ಸುಮಾರು 40 ಮೀಟರ್ ಮುಂದೆ ಸಾಗುವ ಗ್ಲೈಡರ್. ಅಂದರೆ ಆ 48 ಮೀಟರಿನ ವ್ಯತ್ಯಾಸವನ್ನು ಸರಿಪಡಿಸದೆ ಬಿಟ್ಟರೆ ತಲುಪುವ ದೂರದಲ್ಲಿ ಹತ್ತಿರಹತ್ತಿರ ಎರಡು ಕಿಲೋಮೀಟರ್ ಏರುಪೇರು. ಬೆಂಗಳೂರಿನಲ್ಲಾದರೆ ಈ ಅಂತರ ವಿರುದ್ಧ ದಿಕ್ಕಿನಲ್ಲಿ 80 ಮೀಟರಿಗೂ ಹೆಚ್ಚು, ಏಕೆಂದರೆ ದಕ್ಷಿಣ ಭಾರತದಲ್ಲಿ ಸಮುದ್ರಮಟ್ಟದ ಮೈ ಆ ಗಣಿತದ ಮೈಗಿಂತ ಅಷ್ಟು ಕೆಳಗಿದೆ. ಎಕ್ಸ್‌ಸಿಸೋರ್ ಈ ತಿದ್ದುಪಡಿಯನ್ನು ತಾನೇ ಮಾಡಿಕೊಳ್ಳುತ್ತದೆ. ಆದರೆ ವಾಯುಪ್ರದೇಶದ ಎತ್ತರದ ಮಿತಿಗಳು ಹೆಚ್ಚಾಗಿ ಗಾಳಿಯ ಒತ್ತಡದ ಲೆಕ್ಕದಲ್ಲಿವೆ: ಆಲ್ಪ್ಸ್ ಪ್ರದೇಶವನ್ನು ಬಿಟ್ಟರೆ ಜರ್ಮನಿಯಲ್ಲಿ ಫ್ಲೈಟ್ ಲೆವೆಲ್ 100ರಿಂದ (ಒತ್ತಡದ ಲೆಕ್ಕದಲ್ಲಿ 10,000 ಅಡಿ) ಮೇಲೆ ಅನುಮತಿ ಬೇಕಾದ ಸಿ ವರ್ಗದ ವಾಯುಪ್ರದೇಶ. ಅಲ್ಲಿ ಬೇಕಾದ್ದು ಒತ್ತಡದಿಂದ ಅಳೆದ ಎತ್ತರವೇ. ಕೆಲವು ಫೋನುಗಳಲ್ಲಿ ಒತ್ತಡ ಅಳೆಯುವ ಸಂವೇದಕ ಇದೆ, ಆದರೆ ಅದು ಅಳೆಯುವುದು ಕಾಕ್‌ಪಿಟ್ಟಿನ ಒಳಗಿನ ಒತ್ತಡವನ್ನು. ಪಕ್ಕದ ಸಣ್ಣ ಕಿಟಕಿ ತೆರೆದರೂ ಮುಚ್ಚಿದರೂ ಅದು ಬದಲಾಗುತ್ತದೆ.

ಆದ್ದರಿಂದ ಗ್ಲೈಡರಿನಲ್ಲಿ ಈಗಾಗಲೇ ಇರುವ ಫ್ಲಾರ್ಮ್ ಮತ್ತು ವೇರಿಯೋಮೀಟರ್ (ಏರುವ, ಇಳಿಯುವ ವೇಗ ತೋರಿಸುವ ಉಪಕರಣ) ಎರಡನ್ನೂ ಫೋನಿಗೆ ಮಾತನಾಡಿಸಬೇಕು. ಫ್ಲಾರ್ಮ್ ಎಂಬುದು ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ 2004ರಿಂದ ಬಳಕೆಗೆ ಬಂದ, ಗ್ಲೈಡರುಗಳು ಪರಸ್ಪರ ಡಿಕ್ಕಿಯಾಗದಂತೆ ಎಚ್ಚರಿಸುವ ಉಪಕರಣ. ಅದು ತನ್ನ ಸ್ಥಾನ, ಒತ್ತಡದ ಎತ್ತರ, ಸುತ್ತಲಿನ ಗ್ಲೈಡರುಗಳ ವಿವರ ಎಲ್ಲವನ್ನೂ ಸಾಲುಸಾಲಾಗಿ ಹೊರಗೆ ಕಳಿಸುತ್ತಲೇ ಇರುತ್ತದೆ. ಅದನ್ನು ಫೋನಿಗೆ ತಲುಪಿಸಲು ಬ್ಲೂಟೂತ್, ವೈಫೈ, ಯುಎಸ್‌ಬಿ ತಂತಿ ಎಂಬ ಮೂರು ದಾರಿಗಳಿವೆ.

ನನ್ನ ಆಯ್ಕೆ ಹೀಗಿದೆ. ಹಲವರು ಹಂಚಿಕೊಂಡು ಹಾರಿಸುವ ಕ್ಲಬ್ಬಿನ ಒಂಟಿ ಆಸನದ ಗ್ಲೈಡರಿಗೆ ಬ್ಲೂಟೂತ್ ಅಡಾಪ್ಟರ್ ಒಳ್ಳೆಯದು, ಏಕೆಂದರೆ ಪ್ರತಿಯೊಬ್ಬರೂ ತಮ್ಮ ಫೋನನ್ನು ಒಮ್ಮೆ ಜೋಡಿ ಮಾಡಿಕೊಂಡರೆ ಮುಗಿಯಿತು, ಪ್ಯಾನೆಲ್ಲಿನಲ್ಲಿ ಕೈಯಾಡಿಸುವ ಅಗತ್ಯವಿಲ್ಲ. ಸ್ವಂತ ಗ್ಲೈಡರ್ ಇದ್ದು ಫೋನ್ ಅಲ್ಲೇ ಉಳಿಯುವುದಾದರೆ ತಂತಿಯೇ ಲೇಸು. ಎರಡು ಆಸನದ ಗ್ಲೈಡರಿಗೆ ವೈಫೈ, ಏಕೆಂದರೆ ಸಾಮಾನ್ಯ ಬ್ಲೂಟೂತ್ ಅಡಾಪ್ಟರ್ ಒಂದು ಹೊತ್ತಿಗೆ ಒಂದೇ ಫೋನಿನ ಜೊತೆ ಮಾತನಾಡುತ್ತದೆ. ಹಿಂದಿನ ಆಸನದ ತರಬೇತುದಾರರು ಜೋಡಿಸಿಕೊಂಡರೆ ಮುಂದಿನವರಿಗೆ ಏನೂ ಬರುವುದಿಲ್ಲ. ವೈಫೈಗೂ ಒಂದು ಕಾಟವಿದೆ. ಆ ಜಾಲದಲ್ಲಿ ಇಂಟರ್‌ನೆಟ್ ಇಲ್ಲವೆಂದು ಆಂಡ್ರಾಯ್ಡ್ ಫೋನ್ ಅದನ್ನು ಬಿಟ್ಟು ಮೊಬೈಲ್ ಜಾಲಕ್ಕೆ ಜಿಗಿಯುತ್ತದೆ. ಇಂಟರ್‌ನೆಟ್ ಇಲ್ಲದಿದ್ದರೂ ಇದರಲ್ಲೇ ಇರು ಎಂದು ಮೊದಲೇ ಒಪ್ಪಿಗೆ ಕೊಟ್ಟಿರಬೇಕು. ಐಫೋನ್ ಇರುವವರು ಅಡಾಪ್ಟರ್ ಕೊಳ್ಳುವ ಮೊದಲು ಅದು ಬ್ಲೂಟೂತ್ ಲೋ ಎನರ್ಜಿ ಮಾದರಿಯದೇ ಎಂದು ಖಚಿತಪಡಿಸಿಕೊಳ್ಳಬೇಕು. ಹಳೆಯ ಮಾದರಿಯ ಸೀರಿಯಲ್ ಬ್ಲೂಟೂತ್ ಅಡಾಪ್ಟರುಗಳನ್ನು ಐಫೋನ್ ಹಾಗೇ ಒಪ್ಪಿಕೊಳ್ಳುವುದಿಲ್ಲ.

ಫ್ಲಾರ್ಮ್‌ನ ಹಿಂಭಾಗದ ಆರ್‌ಜೆ45 ಸಾಕೆಟ್ ನೋಡಲು ಕಚೇರಿಯ ಕಂಪ್ಯೂಟರ್ ಜಾಲದ ಸಾಕೆಟ್ಟಿನಂತೆಯೇ ಇರುತ್ತದೆ. ಅದರಲ್ಲಿ ಮಾಹಿತಿಯ ಜೊತೆ 12 ವೋಲ್ಟ್ ವಿದ್ಯುತ್ತೂ ಹರಿಯುತ್ತದೆ. ಲ್ಯಾಪ್‌ಟಾಪಿಗೆ ಚುಚ್ಚಿದರೆ ಹಾನಿ ಆಗಬಹುದು. ಅಗ್ಗಕ್ಕೆ ಸಿಗುವ ಎಚ್‌ಸಿ-05ನಂಥ ಬ್ಲೂಟೂತ್ ಬಿಲ್ಲೆಗಳನ್ನು ನೇರವಾಗಿ ಇದಕ್ಕೆ ಜೋಡಿಸಬಾರದು, ಏಕೆಂದರೆ ಫ್ಲಾರ್ಮ್ ಮಾತನಾಡುವುದು ಆರ್‌ಎಸ್-232 ಎಂಬ ಹಳೆಯ ಸೀರಿಯಲ್ ಸಂಪರ್ಕದ ವೋಲ್ಟೇಜಿನಲ್ಲಿ; ನಡುವೆ ಅದನ್ನು ಇಳಿಸುವ ಚಿಪ್ ಬೇಕು. ಕ್ಲಬ್ಬಿನ ಗ್ಲೈಡರಿನ ತಂತಿಗೆ ಕೈಹಾಕುವ ಮೊದಲು ಅದರ ತಾಂತ್ರಿಕ ಹೊಣೆ ಹೊತ್ತವರನ್ನು ಕೇಳಲೇಬೇಕೆಂದು ಬೇರೆ ಹೇಳಬೇಕಿಲ್ಲ.

ಜೋಡಿಸಿದ ಮೇಲೆ ಎಕ್ಸ್‌ಸಿಸೋರ್‌ನ ಸಾಧನಗಳ ಪುಟಕ್ಕೆ ಹೋಗಿ ಮಾನಿಟರ್ ಗುಂಡಿ ಒತ್ತಿದರೆ ಬರುತ್ತಿರುವ ಸಾಲುಗಳು ಕಣ್ಣಮುಂದೆ ಹರಿಯುತ್ತವೆ. ಇದು ಈ ಆ್ಯಪ್‌ನ ಅತ್ಯಂತ ಉಪಯುಕ್ತ ಸೌಲಭ್ಯ ಎಂದು ನನ್ನ ಅನಿಸಿಕೆ. ಡಾಲರ್ ಚಿಹ್ನೆಯ ನಂತರ ಜಿಪಿಆರ್‌ಎಂಸಿ ಎಂದು ಶುರುವಾಗುವ ಸಾಲು ಸ್ಥಾನದ್ದು, ಪಿಜಿಆರ್‌ಎಂಝಡ್ ಒತ್ತಡದ ಎತ್ತರದ್ದು, ಪಿಎಫ್‌ಎಲ್‌ಎಯು ಫ್ಲಾರ್ಮ್‌ನ ಎಚ್ಚರಿಕೆಯದು. ಮೂರೂ ಬರುತ್ತಿದ್ದರೆ ಕೆಲಸ ಸರಿಯಾಗಿದೆ. ಅರ್ಥವಿಲ್ಲದ ಅಕ್ಷರಗಳ ರಾಶಿ ಕಂಡರೆ ಮಾಹಿತಿ ಕಳಿಸುವ ವೇಗ ಹೊಂದಿಕೆಯಾಗಿಲ್ಲ: ಹಲವು ಫ್ಲಾರ್ಮ್‌ಗಳಲ್ಲಿ ಅದು 19200 ಇರುತ್ತದೆ, ಕ್ಲಬ್ಬಿನಲ್ಲಿ ಯಾರಾದರೂ 38400ಕ್ಕೋ 57600ಕ್ಕೋ ಏರಿಸಿಟ್ಟಿರಲೂಬಹುದು. ಏನೂ ಬಾರದಿದ್ದರೆ ಫೋನಿನ ಬ್ಲೂಟೂತ್ ಅನುಮತಿಯನ್ನು ನೋಡಬೇಕು. ವೇರಿಯೋಮೀಟರಿನಿಂದಲೂ ಮಾಹಿತಿ ಬರುವುದಾದರೆ ಹೆಚ್ಚು ನಂಬುವ ಉಪಕರಣವನ್ನು ಪಟ್ಟಿಯಲ್ಲಿ ಮೇಲೆ ಇಡಬೇಕು, ಏಕೆಂದರೆ ಒಂದೇ ಮಾಹಿತಿ ಎರಡು ಕಡೆಯಿಂದ ಬಂದಾಗ ಮೇಲಿನದಕ್ಕೇ ಮಣೆ. ಆಮೇಲೆ ಗ್ಲೈಡರಿನ ಪೋಲಾರ್ (ಯಾವ ವೇಗದಲ್ಲಿ ಅದು ಎಷ್ಟು ಬೇಗ ಇಳಿಯುತ್ತದೆ ಎಂಬ ಲೆಕ್ಕ) ಆರಿಸಿ, ತಲುಪುವಾಗ ಉಳಿದಿರಬೇಕಾದ ಸುರಕ್ಷಿತ ಎತ್ತರವನ್ನು ತುಂಬಿ, ಆ ದಿನದ ಕ್ಯುಎನ್‌ಎಚ್ (ಸಮುದ್ರಮಟ್ಟಕ್ಕೆ ಹೊಂದಿಸಿದ ಗಾಳಿಯ ಒತ್ತಡ) ಹಾಕಿ, ತೋರಿಸುತ್ತಿರುವ ಎತ್ತರ ಮೈದಾನದ ಎತ್ತರಕ್ಕೆ ಸರಿಹೊಂದುತ್ತದೆಯೇ ಎಂದು ನೆಲದ ಮೇಲೆಯೇ ನೋಡಬೇಕು.

ವಿದ್ಯುತ್ತಿನ ಬಗ್ಗೆ ಎರಡು ಮಾತು. ಫೋನ್ 5 ವ್ಯಾಟ್ ತೆಗೆದುಕೊಂಡರೆ 12 ವೋಲ್ಟಿನ ಬ್ಯಾಟರಿಯಿಂದ ಪರಿವರ್ತಕದ ನಷ್ಟವೂ ಸೇರಿ ಸುಮಾರು ಅರ್ಧ ಆ್ಯಂಪಿಯರ್ ಹೋಗುತ್ತದೆ. ಐದು ಗಂಟೆಯ ಹಾರಾಟದಲ್ಲಿ 7 ಆ್ಯಂಪಿಯರ್-ಗಂಟೆಯ ಬ್ಯಾಟರಿಯ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ರೇಡಿಯೋ ಮತ್ತು ಫ್ಲಾರ್ಮ್‌ಗೂ ಅದೇ ಬ್ಯಾಟರಿ ಎಂಬುದನ್ನು ಮರೆಯಬಾರದು. ಇನ್ನೊಂದು, ಅಗ್ಗದ ಯುಎಸ್‌ಬಿ ಪರಿವರ್ತಕಗಳು ವಿಮಾನ ಸಂಪರ್ಕದ 118ರಿಂದ 137 ಮೆಗಾಹರ್ಟ್ಸ್ ತರಂಗಗಳಲ್ಲಿ ಗದ್ದಲ ಎಬ್ಬಿಸುತ್ತವೆ. ನಾನು ಮೊದಲು ಕೊಂಡ ಒಂದು ಪರಿವರ್ತಕ ಚುಚ್ಚಿದ ಕೂಡಲೇ ಮೈದಾನದ ರೇಡಿಯೋ ಧ್ವನಿ ಕರಕರ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ರೇಡಿಯೋದ ಸ್ಕ್ವೆಲ್ಚ್ (ಹಿನ್ನೆಲೆಯ ಸದ್ದನ್ನು ತಡೆಯುವ ವ್ಯವಸ್ಥೆ) ತೆರೆದಿಟ್ಟು, ಚಾರ್ಜರನ್ನು ಚುಚ್ಚಿ ತೆಗೆದು, ಬಳಸುವ ಎಲ್ಲ ಚಾನೆಲ್‌ಗಳಲ್ಲೂ ಕೇಳಿ ನೋಡಿದ ಮೇಲೆಯೇ ಅದನ್ನು ಉಳಿಸಿಕೊಳ್ಳಬೇಕು. ಗದ್ದಲ ಹೋಗದಿದ್ದರೆ, ಭದ್ರವಾಗಿ ಕಟ್ಟಿಟ್ಟ 10000 ಮಿಲಿಆ್ಯಂಪಿಯರ್-ಗಂಟೆಯ ಪವರ್‌ಬ್ಯಾಂಕ್ ಒಂದು ದಿನದ ಹಾರಾಟಕ್ಕೆ ಸಾಕಾಗುತ್ತದೆ. ಎಲ್ಲ ತಂತಿಗಳೂ ಕಂಟ್ರೋಲ್ ಸ್ಟಿಕ್ ಮತ್ತು ಏರ್‌ಬ್ರೇಕ್ ಹಿಡಿಕೆಯ ಓಡಾಟದಿಂದ ದೂರವಿರಬೇಕು. ಪ್ಯಾರಾಚೂಟ್ ಕಟ್ಟಿಕೊಂಡು ಹೊರಗೆ ಹಾರಬೇಕಾಗಿ ಬಂದರೆ ಕಾಲಿಗೆ ಸುತ್ತಿಕೊಳ್ಳದಂತಿರಬೇಕು.

ಡಿಕ್ಕಿಯ ಎಚ್ಚರಿಕೆಗೆ ಫೋನಿನ ಪರದೆಯನ್ನು ನೆಚ್ಚಿಕೊಳ್ಳಬೇಡಿ. ಫ್ಲಾರ್ಮ್‌ನ ಸ್ವಂತ ದೀಪ ಮತ್ತು ಬೀಪ್ ಸದ್ದು ಅದಕ್ಕಾಗಿಯೇ ಇವೆ, ನಿಮ್ಮ ಕಣ್ಣು ಹೊರಗೇ ಇರಲಿ. ಗ್ಲೈಡಿಂಗ್ ಸಾಧನೆಯ ಬ್ಯಾಡ್ಜ್‌ಗಾಗಿ, ಅಂದರೆ 50 ಕಿಲೋಮೀಟರ್ ದೂರ, 5 ಗಂಟೆ ಹಾರಾಟ, 1000 ಮೀಟರ್ ಎತ್ತರದ ಗಳಿಕೆ ಬೇಡುವ ಸಿಲ್ವರ್ ಸಿಗಾಗಿ ಹಾರುವವರು ಫೋನಿನ ದಾಖಲೆಯೊಂದನ್ನೇ ನಂಬಿ ಹೊರಡದೆ, ಮಾನ್ಯತೆ ಪಡೆದ ಲಾಗರ್ (ಹಾರಾಟವನ್ನು ದಾಖಲಿಸುವ ಸಾಧನ) ಗ್ಲೈಡರಿನಲ್ಲಿದೆಯೇ ಎಂದು ಕೇಳಿ ತಿಳಿದುಕೊಳ್ಳಬೇಕು. ಫ್ಲಾರ್ಮ್‌ನ ತಂತ್ರಾಂಶವನ್ನು ವರ್ಷಕ್ಕೊಮ್ಮೆ ಹೊಸದಾಗಿಸುವುದು ಕಡ್ಡಾಯ. ಹಂಗಾಮಿನ ಮೊದಲ ಹಾರಾಟಕ್ಕೆ ಕೆಲವು ದಿನ ಮುಂಚೆ ಅದನ್ನೂ, ಫೋನನ್ನೂ, ಆ್ಯಪ್‌ನ ವಾಯುಪ್ರದೇಶದ ಕಡತವನ್ನೂ ಒಟ್ಟಿಗೇ ಹೊಸದಾಗಿಸಿ, ಹ್ಯಾಂಗರಿನಲ್ಲೇ ಮಾನಿಟರ್ ಪುಟ ತೆರೆದು ಆ ಮೂರು ಸಾಲುಗಳು ಬರುತ್ತಿವೆಯೇ ಎಂದು ಮತ್ತೊಮ್ಮೆ ನೋಡಿಕೊಳ್ಳಿ.